ಹೊಸ ಕೋಚ್ ಬಂದ ವರ್ಷ ನಾನು ಎಡ ಹಾಫ್ ಆದೆ

ಹಾಸನದ ನಮ್ಮ ಕಾಲೇಜಿನ ಮಹಿಳಾ ಹಾಕಿ ತಂಡಕ್ಕೆ 2025ರ ಜೂನ್‌ನಲ್ಲಿ ಹೊಸ ಕೋಚ್ ಬಂದರು. ಅಲ್ಲಿಯವರೆಗೆ ನಮ್ಮದು ಹಳೆಯ ಕ್ರಮ: ಮುಂದೆ ಐವರು ಫಾರ್ವರ್ಡ್, ನಡುವೆ ಮೂವರು ಹಾಫ್, ಹಿಂದೆ ಇಬ್ಬರು ಬ್ಯಾಕ್, ಒಬ್ಬಳು ಗೋಲ್‌ಕೀಪರ್. ರೈಟ್ ಔಟ್, ರೈಟ್ ಇನ್, ಸೆಂಟರ್ ಫಾರ್ವರ್ಡ್, ಲೆಫ್ಟ್ ಇನ್, ಲೆಫ್ಟ್ ಔಟ್ ಎಂದು ಸಾಲಾಗಿ ಹೆಸರು ಕೂಗಿದರೆ ತಂಡ ಸಿದ್ಧವಾಯಿತು ಎಂದೇ ಅರ್ಥ. ಎತ್ತರದವರು ಹಿಂದೆ, ವೇಗದವರು ಮುಂದೆ, ಹೊಸಬರು ಎಡಕ್ಕೆ. ಯಾರೂ ಬರೆದಿಡದಿದ್ದರೂ ಎಲ್ಲರೂ ಪಾಲಿಸುತ್ತಿದ್ದ ನಿಯಮ ಅದು. ನಾನು ಮೊದಲ ವರ್ಷದಿಂದಲೇ ಸೆಂಟರ್ ಫಾರ್ವರ್ಡ್. ಹೈಸ್ಕೂಲಿನಲ್ಲೂ ಅದೇ ಜಾಗ. ಧ್ಯಾನ್‌ಚಂದ್ ನಿಂತಿದ್ದ ಜಾಗ ಎಂದು ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟರು ಹೇಳಿದ್ದ ಮಾತು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು.

ಹೊಸ ಕೋಚ್‌ ಅವರನ್ನು ನಾವು ಮೇಡಂ ಎಂದೇ ಕರೆಯುತ್ತೇವೆ. ಕೊಡಗಿನವರು, ತಾವು ಕೆಲಸ ಮಾಡುತ್ತಿದ್ದ ಸಂಸ್ಥೆಯ ತಂಡಕ್ಕೆ ಹಲವು ವರ್ಷ ಆಡಿದವರು. ಮೊದಲ ವಾರ ಅವರು ಯಾವ ವ್ಯಾಯಾಮವನ್ನೂ ಹೇಳಿಕೊಡಲಿಲ್ಲ. ನೀವು ನೀವೇ ಎರಡು ತಂಡ ಮಾಡಿಕೊಂಡು ಆಡಿ ಎಂದು ಬಿಟ್ಟು, ಛತ್ರಿ ಹಿಡಿದು ಗೆರೆಯ ಪಕ್ಕದಲ್ಲಿ ನಡೆಯುತ್ತಿದ್ದರು. ಕೈಯಲ್ಲಿ ಒಂದು ನೋಟ್‌ಬುಕ್. ಚೆಂಡು ಎಡಗಡೆ ಇದ್ದರೆ ಅವರ ಕಣ್ಣು ಬಲಗಡೆ ಇರುತ್ತಿತ್ತು. ಇದು ನಮಗೆಲ್ಲ ವಿಚಿತ್ರವಾಗಿ ಕಂಡಿತ್ತು. ಗೋಲು ಹೊಡೆದವಳ ಕಡೆ ನೋಡದೆ, ಅತ್ತ ಸುಮ್ಮನೆ ನಿಂತಿದ್ದವಳ ಬಗ್ಗೆ ಏನೋ ಬರೆದುಕೊಳ್ಳುತ್ತಿದ್ದರು.

ಆ ವಾರ ಅವರು ನಮ್ಮಲ್ಲಿ ಒಬ್ಬೊಬ್ಬರನ್ನೇ ಕರೆದು ಕೇಳಿದ ಪ್ರಶ್ನೆಗಳೂ ಹಾಗೆಯೇ ಇದ್ದವು. ಎಷ್ಟು ಗೋಲು ಹೊಡೆದಿದ್ದೀಯ ಎಂದು ಯಾರನ್ನೂ ಕೇಳಲಿಲ್ಲ. ಚೆಂಡು ನಿನ್ನಿಂದ ದೂರ ಇರುವಾಗ ಏನನ್ನು ನೋಡುತ್ತೀಯ? ಪಾಸ್ ನಿನ್ನ ಕಡೆ ಹೊರಟ ಮೇಲೆ ತಲೆ ತಿರುಗಿಸುತ್ತೀಯೋ, ಹೊರಡುವ ಮೊದಲೋ? ಸುಸ್ತಾದಾಗ ನಿನ್ನ ಯಾವ ಕೆಲಸ ಮೊದಲು ಕೆಡುತ್ತದೆ, ಓಟವೋ, ಚೆಂಡು ನಿಲ್ಲಿಸುವ ಟ್ರ್ಯಾಪೋ, ಮಾತೋ? ಕೊನೆಯ ಪ್ರಶ್ನೆಗೆ ನಮ್ಮ ಸೆಂಟರ್ ಹಾಫ್ "ಮಾತು ಮೇಡಂ" ಎಂದಳು. "ಹಾಗಾದರೆ ನಿನ್ನ ಪಕ್ಕದಲ್ಲಿ ಮಾತು ನಿಲ್ಲಿಸದವಳನ್ನು ನಿಲ್ಲಿಸಬೇಕು" ಎಂದು ಬರೆದುಕೊಂಡರು. ಜಾಗ ಹಂಚುವಾಗ ಒಬ್ಬಳ ಕೊರತೆಯನ್ನು ಪಕ್ಕದವಳ ಬಲದಿಂದ ತುಂಬಬೇಕು ಎಂಬ ಆಲೋಚನೆಯನ್ನು ನಾನು ಮೊದಲು ಕೇಳಿದ್ದು ಅಲ್ಲಿ.

ಈ ದೃಷ್ಟಿ ಅವರಿಗೆ ಎಲ್ಲಿಂದ ಬಂತು ಎಂಬುದು ಆಮೇಲೆ ತಿಳಿಯಿತು. ಕೊಡವ ಮನೆತನಗಳ ಹಾಕಿ ಹಬ್ಬ 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದದ್ದು. ಅಲ್ಲಿ ಒಂದು ಮನೆತನ ಎಂದರೆ ಒಂದು ತಂಡ. ಐವತ್ತು ದಾಟಿದ ದೊಡ್ಡಪ್ಪ, ಹೈಸ್ಕೂಲಿನ ಹುಡುಗ, ಮದುವೆಯಾಗಿ ಹೋದ ಅಕ್ಕ ಎಲ್ಲರೂ ಒಂದೇ ತಂಡದಲ್ಲಿ ಇರುವುದುಂಟು. ಅಂಥ ತಂಡದಲ್ಲಿ ಒಳ್ಳೆಯ ಆಟಗಾರರನ್ನು ಹೊರಗಿನಿಂದ ತರುವಂತಿಲ್ಲ. ಇರುವವರಿಗೆ ಏನು ಬರುತ್ತದೋ ಅದರಿಂದಲೇ ವ್ಯೂಹ ಕಟ್ಟಬೇಕು. ಮೇಡಂ ಚಿಕ್ಕಂದಿನಿಂದ ಅದನ್ನು ನೋಡಿದವರು. ನಮ್ಮ ಕಾಲೇಜಿನ ಪರಿಸ್ಥಿತಿಯೂ ಅದಕ್ಕಿಂತ ಬೇರೆಯಲ್ಲ. ಸಕಲೇಶಪುರ, ಆಲೂರು, ಅರಕಲಗೂಡು, ಹೊಳೆನರಸೀಪುರದಿಂದ ಬಸ್ಸು ಹಿಡಿದು ಬರುವ ಹದಿನೈದು ಹುಡುಗಿಯರು. ಅವರಲ್ಲಿ ನಾಲ್ವರು ಸ್ಟಿಕ್ ಹಿಡಿದದ್ದೇ ಕಾಲೇಜಿಗೆ ಸೇರಿದ ಮೇಲೆ.

ಮಳೆ ಜೋರಾಗಿ ಹಿಡಿದು ಕೆಂಪು ಮಣ್ಣಿನ ಮೈದಾನ ಕೆಸರಾದಾಗ ನಾವೆಲ್ಲ ತರಗತಿಯೊಂದರಲ್ಲಿ ಕೂತೆವು. ಮೇಡಂ ಡೆಸ್ಕಿನ ಮೇಲೆ ಸೀಮೆಸುಣ್ಣದಲ್ಲಿ ಮೈದಾನ ಬರೆದು ಕೇರಂ ಕಾಯಿಗಳನ್ನು ಹರಡಿದರು. ಬಿಳಿ ಕಾಯಿ ನಾವು, ಕಪ್ಪು ಕಾಯಿ ಎದುರಾಳಿ. ಮೊದಲು ನಮ್ಮ ಹಳೆಯ ಕ್ರಮದಲ್ಲೇ ಜೋಡಿಸಿದರು. ಒಂದು ಕಪ್ಪು ಕಾಯಿಯನ್ನು ನಮ್ಮ ಗೋಲಿನ ಹತ್ತಿರ ಇಟ್ಟು, "ಇವಳನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದರು. ಬ್ಯಾಕ್ ಎಂದೆವು. ಇನ್ನೊಂದು ಕಾಯಿ ಇಟ್ಟರು. ಇನ್ನೊಬ್ಬ ಬ್ಯಾಕ್ ಎಂದೆವು. ಮೂರನೆಯದನ್ನು ಇಟ್ಟು ನಮ್ಮ ಮುಖ ನೋಡಿದರು.

ಆಫ್‌ಸೈಡ್ ನಿಯಮ ಇದ್ದ ಕಾಲದಲ್ಲಿ ಎದುರಾಳಿ ಹಾಗೆ ಬಂದು ಗೋಲಿನ ಮುಂದೆ ಕಾಯುತ್ತ ನಿಲ್ಲುವಂತಿರಲಿಲ್ಲ. ಇಬ್ಬರು ಬ್ಯಾಕ್ ಸಾಕಾಗುತ್ತಿದ್ದುದು ಅದರಿಂದಲೂ ಹೌದು. 1998ರಲ್ಲಿ ಆ ನಿಯಮವೇ ಹಾಕಿಯಿಂದ ಹೊರಟುಹೋಯಿತು. ನಾವೆಲ್ಲ ಹುಟ್ಟುವುದಕ್ಕೂ ಮೊದಲು ಹೋದ ನಿಯಮಕ್ಕೆ ತಕ್ಕ ಹಾಗೆ ನಾವು ಇನ್ನೂ ನಿಲ್ಲುತ್ತಿದ್ದೆವು! ಅದನ್ನು ಮೇಡಂ ಯಾರನ್ನೂ ಹೀಯಾಳಿಸದೆ, ಕಾಯಿಗಳನ್ನು ಸರಿಸುತ್ತಲೇ ತೋರಿಸಿಕೊಟ್ಟರು. ಮುಂದಿನ ಸಾಲಿನಿಂದ ಇಬ್ಬರನ್ನು ತೆಗೆದು ಹಿಂದಕ್ಕೂ ನಡುವಿಗೂ ಹಂಚಿದರು. ಹಿಂದೆ ನಾಲ್ವರು (ಇಬ್ಬರು ಬ್ಯಾಕ್, ಅವರ ಎರಡು ಬದಿಗೆ ಎಡ ಹಾಫ್ ಮತ್ತು ಬಲ ಹಾಫ್), ನಡುವೆ ಮೂವರು, ಮುಂದೆ ಮೂವರು.

ಆ ಇಬ್ಬರಲ್ಲಿ ಒಂದು ಕಾಯಿ ನಾನು. ನನ್ನನ್ನು ಎಡ ಹಾಫ್‌ಗೆ ಹಾಕಿದರು.

ನಮ್ಮಲ್ಲಿ ಎಡ ಹಾಫ್ ಎಂದರೆ ಹೊಸಬರ ಜಾಗ. ನನಗೆ ಕೋಪ ಬಂತು, ಮುಚ್ಚಿಡುವುದಕ್ಕೂ ಹೋಗಲಿಲ್ಲ. ಏಕೆ ಎಂದು ನೇರವಾಗಿ ಕೇಳಿದೆ. "ನೀನು ಓಡುವುದಕ್ಕೆ ಮೊದಲು ನೋಡುತ್ತೀಯ ಕಣಮ್ಮ. ಮುಂದೆ ಅದರಿಂದ ಅರ್ಧ ಕ್ಷಣ ತಡವಾಗುತ್ತದೆ. ಹಿಂದೆ ಅದೇ ಅರ್ಧ ಕ್ಷಣ ತಂಡವನ್ನು ಉಳಿಸುತ್ತದೆ. ಅಲ್ಲದೆ ನಮ್ಮಲ್ಲಿ ಅತ್ಯಂತ ಕಷ್ಟದ ಜಾಗ ಅದೇ. ಅಲ್ಲಿಗೆ ಹೊಸಬಳನ್ನು ನಿಲ್ಲಿಸುವುದು ಅನ್ಯಾಯ" ಎಂದರು. ಆಮೇಲೆ ಭಾರತ ತಂಡದ ಉದಿತಾ ಅವರ ಉದಾಹರಣೆ ಕೊಟ್ಟರು. ಫಾರ್ವರ್ಡ್ ಆಗಿದ್ದ ಉದಿತಾ ಅವರನ್ನು ರಕ್ಷಣೆಗೆ ತಂದವರು ಆಗಿನ ಕೋಚ್ ಶೋರ್ಡ್ ಮರೈನ್. 2021ರಲ್ಲಿ ಟೋಕಿಯೊದಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳೆಯರು ಆಸ್ಟ್ರೇಲಿಯಾವನ್ನು 1–0ರಿಂದ ಸೋಲಿಸಿ ಮೊದಲ ಬಾರಿಗೆ ನಾಲ್ಕರ ಘಟ್ಟ ತಲುಪಿದರಲ್ಲ, ಆ ತಂಡದ ರಕ್ಷಣೆಯಲ್ಲಿ ಅವರಿದ್ದರು. ಗುರ್ಜಿತ್ ಕೌರ್ ಹೊಡೆದ ಗೋಲು ಎಲ್ಲರಿಗೂ ನೆನಪಿದೆ. ಮಿಕ್ಕ ಹೊತ್ತು ಆ ಒಂದು ಗೋಲನ್ನು ಕಾದವರು ಯಾರು, ಹೇಗೆ ನಿಂತಿದ್ದರು ಎಂಬುದನ್ನು ಮೇಡಂ ಮೊಬೈಲಿನಲ್ಲಿ ಮತ್ತೆ ಮತ್ತೆ ನಿಲ್ಲಿಸಿ ತೋರಿಸಿದರು.

ಎಡ ಹಾಫ್ ಏಕೆ ಕಷ್ಟ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾನು ಆ ವರ್ಷ ಕಲಿತದ್ದರಲ್ಲಿ ದೊಡ್ಡ ಪಾಲು ಇದೇ. ಹಾಕಿ ಸ್ಟಿಕ್ಕಿನಲ್ಲಿ ಎಡಗೈಯವರಿಗೆ ಬೇರೆ ಎಂಬುದಿಲ್ಲ. ಎಲ್ಲರಿಗೂ ಒಂದೇ ಬಗೆ, ಚಪ್ಪಟೆ ಮುಖ ಒಂದೇ ಕಡೆ, ಚೆಂಡನ್ನು ಆಡಬೇಕಾದದ್ದು ಆ ಮುಖದಿಂದ ಅಥವಾ ಅಂಚಿನಿಂದ. ಹಾಗಾಗಿ ಪ್ರತಿಯೊಬ್ಬರಿಗೂ ಬಲಗಡೆ ಬಲವಾದ ಕಡೆ. ಎಡಗಡೆಗೆ ಹೋದ ಚೆಂಡಿಗೆ ಸ್ಟಿಕ್ ತಿರುಗಿಸಿ ರಿವರ್ಸ್ ಹಿಡಿಯಬೇಕು. ಕೈ ಅಷ್ಟು ದೂರ ಚಾಚುವುದಿಲ್ಲ, ಬಲವೂ ಇರುವುದಿಲ್ಲ. ಎದುರಾಳಿಯ ರೈಟ್ ಔಟ್ ತನ್ನ ಬಲವಾದ ಕಡೆ ಚೆಂಡನ್ನು ಇಟ್ಟುಕೊಂಡು ಗೆರೆಯ ಗುಂಟ ಓಡಿ ಬರುವಾಗ, ಅವಳೆದುರು ನಿಂತ ಎಡ ಹಾಫ್‌ಗೆ ಆ ಚೆಂಡು ಬರುವುದು ಎಡಗಡೆ, ಅಂದರೆ ಬಲ ಕಡಿಮೆ ಇರುವ ಕಡೆ. ಆಕೆಯ ಶಕ್ತಿಯೂ ನನ್ನ ದೌರ್ಬಲ್ಯವೂ ಒಂದೇ ದಾರಿಯಲ್ಲಿ ಎದುರುಬದುರಾಗುತ್ತವೆ.

ಬಲ ಹಾಫ್‌ಗೆ ಈ ತೊಂದರೆ ಇಲ್ಲ. ಅವಳು ಎದುರಾಳಿಯನ್ನು ಗೆರೆಯ ಕಡೆಗೆ ತಳ್ಳಿದರೆ ಚೆಂಡು ತಾನಾಗಿ ಅವಳ ಬಲಗಡೆ ಸಿಗುತ್ತದೆ, ಪಕ್ಕದ ಗೆರೆಯೇ ಇನ್ನೊಬ್ಬ ರಕ್ಷಕಳಾಗುತ್ತದೆ. ನಾನು ಹಾಗೆ ಮಾಡಿದರೆ ಕೆಟ್ಟೆ. ನಾನು ಗೆರೆಯ ಕಡೆಗೇ ಸರಿದು ನಿಂತು ಆ ದಾರಿ ಮುಚ್ಚಬೇಕು, ಎಡಗಾಲು ಮುಂದಿಟ್ಟು ಮೈಯನ್ನು ಓರೆ ಮಾಡಿ ಅವಳನ್ನು ಒಳಕ್ಕೆ ಕರೆಯಬೇಕು. ಒಳಕ್ಕೆ ಬಂದರೆ ಚೆಂಡು ನನ್ನ ಬಲಗಡೆ ಬರುತ್ತದೆ. ಆದರೆ ಒಳಗೆ ಎಂದರೆ ನಮ್ಮ ಗೋಲಿನ ದಿಕ್ಕು! ಅಲ್ಲಿ ನಮ್ಮವರು ಯಾರೂ ಇಲ್ಲದಿದ್ದರೆ ನಾನೇ ಬಾಗಿಲು ತೆರೆದು ಕೊಟ್ಟ ಹಾಗೆ.

ನಮ್ಮ ತಂಡದ ವ್ಯೂಹ ಇಡೀ ಹುಟ್ಟಿಕೊಂಡದ್ದು ಈ ಒಂದು ತೊಡಕಿನಿಂದ ಎಂದರೆ ತಪ್ಪಾಗದು. ನಾನು ಒಳಕ್ಕೆ ತಳ್ಳಬೇಕಾದರೆ ನನ್ನ ಪಕ್ಕದ ಬ್ಯಾಕ್ ಒಂದೆರಡು ಹೆಜ್ಜೆ ಹಿಂದೆ, ನನ್ನತ್ತ ಸರಿದು ಇರಬೇಕು. ಅವಳು ಸರಿದರೆ ಇನ್ನೊಬ್ಬ ಬ್ಯಾಕ್ ಅವಳ ಜಾಗ ತುಂಬಬೇಕು. ಅವಳು ತುಂಬಿದರೆ ಅತ್ತ ಬಲ ಹಾಫ್ ನಡುವಿಗೆ ಬರಬೇಕು. ನಡುವಿನ ಎಡ ಆಟಗಾರ್ತಿ ಹಿಂದಕ್ಕೆ ಓಡಿ ಬಂದು ಒಳಗಿನ ಪಾಸ್ ಕತ್ತರಿಸಬೇಕು. ಜಾಗ ಎನ್ನುವುದು ಮೈದಾನದ ಮೇಲಿನ ಒಂದು ಚುಕ್ಕೆಯಲ್ಲ, ಅಕ್ಕಪಕ್ಕದ ಇಬ್ಬರಿಂದ ನಾನು ಎಷ್ಟು ದೂರ, ಯಾವ ಕಡೆಗೆ ಮುಖ ಎಂಬ ಲೆಕ್ಕ ಎನ್ನುವುದು ಮೇಡಂ ಅವರ ಇಡೀ ಪಾಠದ ತಿರುಳು. ನಾನು ಹಾಕಿಯ ಬಗ್ಗೆ ಏನನ್ನಾದರೂ ಯಾರಿಗಾದರೂ ಹೇಳಬೇಕಾದರೆ ಮೊದಲು ಹೇಳುವುದು ಇದನ್ನೇ.

ಮಾತಿನಲ್ಲಿ ಹೇಳಿದರೆ ಕಾಲಿಗೆ ತಿಳಿಯುವುದಿಲ್ಲ ಎಂದು ಮೇಡಂ ಒಂದು ದಿನ ತೆಂಗಿನ ನಾರಿನ ಹಗ್ಗ ತಂದರು. ಹಿಂದಿನ ನಾಲ್ವರ ಸೊಂಟಕ್ಕೆ ಸಾಲಾಗಿ, ಒಬ್ಬೊಬ್ಬರ ನಡುವೆ ಹತ್ತು ಹನ್ನೆರಡು ಮೀಟರ್ ಬಿಟ್ಟು ಕಟ್ಟಿದರು. ಎದುರಿಗೆ ಮುಂಪಡೆಯವರು ಚೆಂಡನ್ನು ಆ ಕಡೆಯಿಂದ ಈ ಕಡೆಗೆ ತಳ್ಳುತ್ತ ಹೋಗುತ್ತಾರೆ, ಚೆಂಡು ಹೋದ ಕಡೆಗೆ ನಾಲ್ವರೂ ಒಟ್ಟಿಗೆ ಸರಿಯಬೇಕು. ಯಾರಾದರೂ ಒಬ್ಬಳು ತಡ ಮಾಡಿದರೆ ಹಗ್ಗ ಸೊಂಟ ಎಳೆಯುತ್ತದೆ. ಶುರುವಿನಲ್ಲಿ ದಿನವೂ ಯಾರೋ ಒಬ್ಬರು ಬೀಳುತ್ತಿದ್ದರು. ಮೇಡಂ ಬಿದ್ದವಳನ್ನು ಬಿಟ್ಟು, ಅವಳ ಪಕ್ಕದವಳನ್ನು ಕೇಳುತ್ತಿದ್ದರು: "ನೀನು ಸರಿಯುವಾಗ ಹೇಳಿದೆಯಾ?" ನಿಧಾನವಾಗಿ ನಮ್ಮ ನಡುವೆ ಕೆಲವು ಚಿಕ್ಕ ಕೂಗುಗಳು ಹುಟ್ಟಿದವು. ಒಳಗೆ, ಗೆರೆ, ನಿಲ್ಲು, ಹೋಗು. ಇವಿಷ್ಟೇ. ಹಗ್ಗ ಬಿಚ್ಚಿದ ಮೇಲೂ ಸೊಂಟದ ಹತ್ತಿರ ಅದರ ಎಳೆತ ಇದ್ದ ಹಾಗೇ ಅನ್ನಿಸುತ್ತಿತ್ತು. ಅದೇ ಅವರಿಗೆ ಬೇಕಾಗಿದ್ದದ್ದು.

ಇದರ ಜೊತೆಗೆ ನನಗೆ ಬೇರೆಯ ಅಭ್ಯಾಸ. ಕಾಲೇಜಿನ ಹಿಂಬದಿಯ ಗೋಡೆಗೆ ಚೆಂಡು ಹೊಡೆದು, ಅದು ಎಡಕ್ಕೆ ಹಿಂತಿರುಗಿದಾಗ ರಿವರ್ಸ್ ಹಾಕದೆ ಕಾಲು ಸರಿಸಿ ಬಲಗಡೆಗೆ ತಂದುಕೊಳ್ಳುವುದು. ಕೈಗಿಂತ ಮೊದಲು ಕಾಲು ಎನ್ನುವುದೇ ಅದರ ಗುಟ್ಟು. ಫಾರ್ವರ್ಡ್ ಆಗಿದ್ದವರಿಗೆ ಇದು ಬೇಗ ಬರುವುದಿಲ್ಲ. ಚೆಂಡು ಕಂಡ ಕೂಡಲೇ ಕೈ ಮುಂದೆ ಹೋಗುತ್ತದೆ. ಆಲೂರಿಗೆ ಹೋಗುವ ಸಂಜೆಯ ಬಸ್ಸು ಎಷ್ಟೋ ಸಲ ನನ್ನನ್ನು ಬಿಟ್ಟು ಹೋಗಿದೆ, ಗೋಡೆಯ ಕೆಲಸ ಮುಗಿಯದೆ.

ಈ ನಡುವೆ ಒಂದು ನೋವಿನ ಸಂಗತಿಯೂ ಆಯಿತು. ಹಳೆಯ ಕ್ರಮದಲ್ಲಿ ಲೆಫ್ಟ್ ಇನ್ ಆಡುತ್ತಿದ್ದ ಹುಡುಗಿಗೆ ಹೊಸ ವ್ಯೂಹದಲ್ಲಿ ಮೊದಲ ಹನ್ನೊಂದರಲ್ಲಿ ಜಾಗ ಸಿಗಲಿಲ್ಲ. ಒಳ್ಳೆಯ ಡ್ರಿಬ್ಲಿಂಗ್ ಇದ್ದವಳು. ಆದರೆ ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡಿ ಬರುವ ಅಭ್ಯಾಸ ಅವಳಿಗಿರಲಿಲ್ಲ, ನಡುವೆ ಮೂವರೇ ಇರುವ ಕ್ರಮದಲ್ಲಿ ಅದು ನಡೆಯುವುದಿಲ್ಲ. ಮೇಡಂ ಅವಳಿಗೆ ಇದನ್ನು ಎಲ್ಲರ ಮುಂದೆ, ಮೈದಾನದಲ್ಲೇ ಹೇಳಿದರು. ಅವಳು ಬರುವುದನ್ನು ನಿಲ್ಲಿಸಿಬಿಟ್ಟಳು. ಆಮೇಲೆ ಮೇಡಂ ಅವಳ ಮನೆಗೆ ಹೋಗಿ ಮಾತನಾಡಿದರೂ ಅವಳು ಮತ್ತೆ ತಂಡಕ್ಕೆ ಬರಲಿಲ್ಲ. ಮೇಡಂ ಅವರ ಮೇಲೆ ನನಗೆ ಎಷ್ಟೇ ಗೌರವವಿದ್ದರೂ ಆ ಮಾತನ್ನು ಪಕ್ಕಕ್ಕೆ ಕರೆದು ಹೇಳಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಹೊಸ ಕೋಚ್ ಜಾಗ ಬದಲಾಯಿಸುವಾಗ ಹುಡುಗಿಯರು ಕಳೆದುಕೊಳ್ಳುವುದು ಬರಿಯ ಜಾಗವನ್ನಲ್ಲ, ನಾನು ಇಂಥವಳು ಎಂದು ಮನೆಯಲ್ಲಿ ಊರಿನಲ್ಲಿ ಹೇಳಿಕೊಂಡು ಬಂದ ಒಂದು ಹೆಸರನ್ನು. ನನಗೆ ಕಾರಣವನ್ನು ಕೂರಿಸಿಕೊಂಡು ಹೇಳಿದರು, ಆದ್ದರಿಂದ ಉಳಿದೆ. ಅವಳಿಗೆ ಹೇಳಿದ ರೀತಿ ಬೇರೆಯಾಯಿತು.

ಆಗಸ್ಟ್ ಕಳೆದು ಮೈದಾನ ಒಣಗುತ್ತ ಬಂದ ಮೇಲೆ ಪ್ರೆಸ್ ಶುರು ಮಾಡಿದೆವು. ಎದುರಾಳಿಯ ಬ್ಯಾಕ್‌ಗಳು ಚೆಂಡು ಹಿಡಿದು ಆಟ ಕಟ್ಟಲು ಹೊರಟಾಗ ಎಲ್ಲಿ, ಯಾರು, ಯಾವಾಗ ಮೇಲೆ ಬೀಳಬೇಕು ಎಂಬ ಕ್ರಮ ಅದು. ನಾವು ಮೊದಲು ಮಾಡುತ್ತಿದ್ದುದು ಐವರೂ ಚೆಂಡಿನ ಹಿಂದೆ ಓಡುವುದು. ಮೇಡಂ ಹೇಳಿದ್ದು ಅದಕ್ಕೆ ತದ್ವಿರುದ್ಧ. ಮೂವರು ಫಾರ್ವರ್ಡ್‌ಗಳು ಅರ್ಧ ಮೈದಾನದ ಗೆರೆಯ ಆಚೀಚೆ ನಿಂತು, ನಡುವಿನ ದಾರಿ ಮುಚ್ಚಿ, ಚೆಂಡನ್ನು ಪಕ್ಕಕ್ಕೆ ಹೋಗಲು ಬಿಡಬೇಕು. ಪಕ್ಕಕ್ಕೆ ಪಾಸ್ ಹೊರಟ ಕ್ಷಣದಲ್ಲಿ ಹತ್ತಿರದವಳು ಓಡಬೇಕು, ಅವಳ ಹಿಂದೆ ಇನ್ನಿಬ್ಬರು ಮುಂದಿನ ಪಾಸ್‌ಗಳನ್ನು ಮುಚ್ಚಬೇಕು.

ಇಲ್ಲಿ ನಮಗೂ ಮೇಡಂಗೂ ವಾದವಾಯಿತು. ಪಾಸ್ ಹೊರಟ ಕ್ಷಣದಲ್ಲೇ ಓಡುವುದು ಟರ್ಫ್ ಎಂಬ ಕೃತಕ ಹಾಸಿನ ಮೇಲೆ ಸರಿ. ಅಲ್ಲಿ ಚೆಂಡು ಬೇಗ ತಲುಪುತ್ತದೆ, ಹಿಡಿದವಳು ಒಂದೇ ಸ್ಪರ್ಶದಲ್ಲಿ ನಿಲ್ಲಿಸುತ್ತಾಳೆ. ತಡ ಮಾಡಿದರೆ ಕಾಲ ಮೀರಿತು. ನಮ್ಮ ಜಿಲ್ಲೆಯ ಮೈದಾನಗಳಲ್ಲಿ ಹೆಚ್ಚಿನವು ಮಣ್ಣಿನವು. ಚೆಂಡು ಕುಣಿಯುತ್ತ ಬರುತ್ತದೆ, ಮೊದಲ ಸ್ಪರ್ಶದಲ್ಲಿ ಯಾವ ಕಡೆಗೆ ಚಿಮ್ಮುತ್ತದೆ ಎಂದು ಹಿಡಿಯುವವಳಿಗೇ ತಿಳಿದಿರುವುದಿಲ್ಲ. ಪೂರ್ತಿ ವೇಗದಲ್ಲಿ ಓಡಿ ಹೋದವಳ ಪಕ್ಕದಿಂದಲೇ ಆ ಚೆಂಡು ಜಾರಿ ಹೋಗಿ ಎದುರಾಳಿಗೆ ಲಾಭವಾಗುತ್ತಿತ್ತು. ಅಭ್ಯಾಸದ ಪಂದ್ಯಗಳಲ್ಲಿ ಹಿಂದೆ ನಿಂತು ನಾನು ಇದನ್ನು ಮತ್ತೆ ಮತ್ತೆ ನೋಡಿದೆ. ಸೆಂಟರ್ ಹಾಫ್ ಆಡುವವಳಿಗೂ ಹಾಗೇ ಅನ್ನಿಸಿತ್ತು. ಇಬ್ಬರೂ ಹೋಗಿ ಹೇಳಿದೆವು: ಮಣ್ಣಿನ ಮೇಲೆ ಹತ್ತಿರದವಳು ಎರಡು ಸ್ಟಿಕ್ಕಿನಷ್ಟು ದೂರದಲ್ಲಿ ನಿಲ್ಲಲಿ, ಮೊದಲ ಸ್ಪರ್ಶ ಕೆಟ್ಟ ಮೇಲೆ ಎರಡನೆಯ ಸ್ಪರ್ಶಕ್ಕೆ ಬೀಳಲಿ.

ಮೇಡಂ ತಕ್ಷಣ ಒಪ್ಪಲಿಲ್ಲ. ಮಾರನೆಯ ದಿನ ಎರಡೂ ರೀತಿಯಲ್ಲಿ ಆಡಿಸಿದರು. ಎಷ್ಟು ಚೆಂಡು ಗೆದ್ದೆವು, ಎಷ್ಟು ಸಲ ನಮ್ಮ ಬೆನ್ನ ಹಿಂದೆ ಹೋಯಿತು ಎಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿದರು. ಕೊನೆಗೆ, "ಸರಿ ಕಣ್ರಮ್ಮ, ಮಣ್ಣಿಗೆ ನಿಮ್ಮದು, ಟರ್ಫಿಗೆ ನನ್ನದು" ಎಂದರು. ಆ ದಿನದಿಂದ ನಮ್ಮ ತಂಡಕ್ಕೆ ಎರಡು ಪ್ರೆಸ್ ಇವೆ. ಕೋಚ್ ಎಂದರೆ ತಲೆಯಲ್ಲಿರುವ ವ್ಯೂಹವನ್ನು ತಂದು ಆಟಗಾರರ ಮೇಲೆ ಹೇರುವವರು ಎಂದು ತಿಳಿದವರಿಗೆ ಈ ದಿನವನ್ನು ತೋರಿಸಬೇಕು ಎನ್ನಿಸುತ್ತದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹಾಕಿ ಕೃತಕ ಹಾಸಿನ ಮೇಲೆ ನಡೆಯಿತು, ಅಲ್ಲಿಯವರೆಗೆ ಒಂದು ಒಲಿಂಪಿಕ್ಸ್‌ನಲ್ಲೂ ಪದಕ ತಪ್ಪಿಸಿಕೊಳ್ಳದಿದ್ದ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ನೆಲ ಬದಲಾದರೆ ಆಟವೇ ಬದಲಾಗುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ನಾವು ಆ ಪಾಠವನ್ನು ಹಿಂದು ಮುಂದಾಗಿ ಕಲಿಯಬೇಕಾಯಿತು, ಟರ್ಫಿನ ಆಟವನ್ನು ಮಣ್ಣಿಗೆ ಹೊಂದಿಸಿಕೊಳ್ಳುವುದು.

ಹೊರಗೆ ಕೂರುವವರ ವಿಷಯದಲ್ಲೂ ಮೇಡಂ ನಮ್ಮ ಮನಸ್ಸನ್ನು ಬದಲಾಯಿಸಿದರು. ಅದಕ್ಕೆ ಅವರು ಬಳಸಿದ್ದು ಐಸ್ ಹಾಕಿಯನ್ನು. ಅದೇ 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತದ ಮಹಿಳಾ ಐಸ್ ಹಾಕಿ ತಂಡ ಕಂಚು ಗೆದ್ದಿತ್ತು. ಬಹುಪಾಲು ಲಡಾಖ್ ಮತ್ತು ಸ್ಪಿತಿ ಕಣಿವೆಯ ಹುಡುಗಿಯರು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳಗಳ ಮೇಲೆ ಆಟ ಕಲಿತವರು. ಮೇಡಂ ಆ ಆಟದ ವೀಡಿಯೊ ತೋರಿಸಿ, ಬಾಗಿಲ ಹತ್ತಿರ ನೋಡಿ ಎಂದರು. ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಬಿಟ್ಟು ಐವರು ಆಡುತ್ತಾರೆ. ಮುಕ್ಕಾಲು ನಿಮಿಷ, ಒಂದು ನಿಮಿಷ ಪೂರ್ತಿ ಶಕ್ತಿ ಹಾಕಿ ಆಡಿ, ಆಟ ನಡೆಯುತ್ತಿರುವಾಗಲೇ ಹೊರಗೆ ಹಾರಿ ಬರುತ್ತಾರೆ, ಇನ್ನೊಂದು ಗುಂಪು ಒಳಗೆ ಹಾರುತ್ತದೆ. ಹೊರಗೆ ಬಂದವರ ಮುಖದಲ್ಲಿ ಅವಮಾನವಿಲ್ಲ, ಉಸಿರು ತೆಗೆದುಕೊಳ್ಳುವ ಆತುರವಷ್ಟೇ. ನಮ್ಮ ಹಾಕಿಯಲ್ಲೂ 1992ರಿಂದ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು. ನಮ್ಮಲ್ಲಿ ಮಾತ್ರ ಹೊರಗೆ ಕರೆದರೆ ಕೆಟ್ಟದಾಗಿ ಆಡಿದೆ ಎಂದೇ ಅರ್ಥ ಮಾಡಿಕೊಳ್ಳುತ್ತಿದ್ದೆವು. ಕಣ್ಣೀರು ಹಾಕಿದವರೂ ಇದ್ದಾರೆ.

ಮೇಡಂ ಹೆಸರು ಕರೆದು ಹೊರಗೆ ತೆಗೆಯುವುದನ್ನೇ ನಿಲ್ಲಿಸಿದರು. ಮುಂಪಡೆಯವರು ಐದಾರು ನಿಮಿಷಕ್ಕೊಮ್ಮೆ ತಾವೇ ಲೆಕ್ಕ ಇಟ್ಟುಕೊಂಡು ಹೊರಗೆ ಬರಬೇಕು, ಯಾರು ಯಾರ ಜೋಡಿ ಎಂಬುದು ಪಂದ್ಯಕ್ಕೆ ಮೊದಲೇ ನಿಗದಿ. ಹೊರಗೆ ಬಂದವಳು ಬೆಂಚಿನ ಮೇಲೆ ಕೂತು ನಾಲ್ವರು ಬ್ಯಾಕ್‌ಗಳ ನಡುವಿನ ಅಂತರ ಗಮನಿಸಿ, ಒಳಗೆ ಹೋಗುವಾಗ ನಮಗೆ ಹೇಳಬೇಕು. ಹೀಗೆ ಬೆಂಚಿಗೂ ಒಂದು ಕೆಲಸ ಬಂತು. ಹಿಂದಿನ ನಾಲ್ವರನ್ನು ಮಾತ್ರ ಆದಷ್ಟು ಕಡಿಮೆ ಬದಲಿಸಿದರು, ಆ ಸಾಲಿನ ಹೊಂದಾಣಿಕೆ ಕೆಟ್ಟರೆ ಮತ್ತೆ ಕೂಡಿಸಲು ಹೊತ್ತು ಹಿಡಿಯುತ್ತದೆ ಎಂದು.

ಪೆನಾಲ್ಟಿ ಕಾರ್ನರ್ ಎಂದರೆ ಗೋಲಿನ ಹತ್ತಿರ ತಪ್ಪಾದಾಗ ಎದುರಾಳಿಗೆ ಸಿಗುವ ಹೊಡೆತ. ಅದರ ರಕ್ಷಣೆಗೆ ಗೋಲ್‌ಕೀಪರ್ ಜೊತೆ ನಾಲ್ವರು. ಮೊದಲು ಎದುರಿಗೆ ಓಡುವವಳಾಗಿ ಸಕಲೇಶಪುರದ ಹುಡುಗಿಯನ್ನು ಆರಿಸಿದರು, ನಮ್ಮಲ್ಲಿ ಅವಳಷ್ಟು ವೇಗ ಯಾರಿಗೂ ಇಲ್ಲ. ಆದರೆ ಮುಖಕ್ಕೆ ಮಾಸ್ಕ್, ಮಂಡಿಗೆ ರಕ್ಷೆ ಬರುವವರೆಗೆ ಅವಳನ್ನು ಒಂದು ಸಲವೂ ಓಡಿಸಲಿಲ್ಲ. ಮೊದಲ ಹೊಡೆತ ಹಿಟ್ ಆಗಿದ್ದರೆ ಚೆಂಡು ಗೋಲಿನ ಗೆರೆ ದಾಟುವಾಗ ತಳದ ಹಲಗೆಯ ಎತ್ತರ, ಅಂದರೆ 460 ಮಿಲಿಮೀಟರ್ ಮೀರುವಂತಿಲ್ಲ. ಸ್ಟಿಕ್ಕಿನಿಂದ ಚೆಂಡನ್ನು ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್‌ಗೆ ಆ ಮಿತಿ ಇಲ್ಲ, ಚೆಂಡು ಮುಖದ ಎತ್ತರಕ್ಕೂ ಬರಬಹುದು. ಸಾಮಾನು ಬಂದದ್ದು ಅಕ್ಟೋಬರ್‌ನಲ್ಲಿ, ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳಲ್ಲಿ. ಊರಿನ ತುಂಬ ಜನ, ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ನಾವು ಅಭ್ಯಾಸವನ್ನು ಬೆಳಗಿನ ಜಾವಕ್ಕೆ ಬದಲಾಯಿಸಿಕೊಂಡಿದ್ದೆವು. ಹೊರಗಿನಿಂದ ಬರುವವರು ಊರಿನಲ್ಲಿರುವ ಗೆಳತಿಯರ ಮನೆಗಳಲ್ಲಿ ಉಳಿದುಕೊಂಡರು. ತಂಡದಲ್ಲಿ ಒಬ್ಬರಿಗೊಬ್ಬರು ನಿಜವಾಗಿ ಹತ್ತಿರವಾದದ್ದು ಆ ದಿನಗಳಲ್ಲೇ.

ಆ ವರ್ಷದ ನಮ್ಮ ಮುಖ್ಯ ಪಂದ್ಯಾವಳಿ ನಡೆದದ್ದು ಕೊಡಗಿನ ಟರ್ಫ್ ಮೈದಾನವೊಂದರಲ್ಲಿ. ಎರಡು ಪಂದ್ಯ ಗೆದ್ದು ನಾಲ್ಕರ ಘಟ್ಟದಲ್ಲಿ 2–1ರಿಂದ ಸೋತೆವು. ಗೆದ್ದ ಪಂದ್ಯಗಳಿಗಿಂತ ಸೋತ ಪಂದ್ಯದ ಬಗ್ಗೆಯೇ ಹೇಳಬೇಕು, ಏಕೆಂದರೆ ನಮ್ಮ ವ್ಯೂಹ ಅತ್ಯಂತ ಚೆನ್ನಾಗಿ ಕೆಲಸ ಮಾಡಿದ್ದು ಅದರಲ್ಲೇ. ಎದುರಾಳಿಯ ರೈಟ್ ಔಟ್ ನನಗಿಂತ ವೇಗ. ಮೊದಲ ಕ್ವಾರ್ಟರ್‌ನಲ್ಲಿ ಅವಳು ಗೆರೆಯ ಗುಂಟ ಬಂದಾಗಲೆಲ್ಲ ನಾನು ಎಡಗಾಲು ಮುಂದಿಟ್ಟು ದಾರಿ ಮುಚ್ಚಿದೆ, ಅವಳು ಒಳಕ್ಕೆ ತಿರುಗಿದಳು, ಹಿಂದಿನಿಂದ "ಒಳಗೆ" ಎಂಬ ಕೂಗು ಬಂತು, ಬ್ಯಾಕ್ ಅಲ್ಲಿದ್ದಳು. ಚೆಂಡು ನಮ್ಮದು. ಮೂರನೆಯ ಸಲ ಹಾಗಾದ ಮೇಲೆ ಅವರ ಕೋಚ್ ಅವಳನ್ನು ಆ ಕಡೆಯಿಂದಲೇ ತೆಗೆದು ಇನ್ನೊಂದು ಬದಿಗೆ ಕಳಿಸಿದರು.

ಸೋತದ್ದು ನಮ್ಮ ತಪ್ಪಿಗೆ ಅವರಿಗೆ ಸಿಕ್ಕ ಫ್ರೀ ಹಿಟ್‌ಗಳಿಂದ. 2009ರಿಂದ ಫ್ರೀ ಹಿಟ್ ತೆಗೆದುಕೊಳ್ಳುವವಳು ಇನ್ನೊಬ್ಬರಿಗೆ ಪಾಸ್ ಮಾಡದೆ ತಾನೇ ಚೆಂಡು ಎಳೆದುಕೊಂಡು ಹೊರಡಬಹುದು. ಎದುರಾಳಿಗಳು ಐದು ಮೀಟರ್ ದೂರ ಇರಬೇಕು. ಆ ತಂಡ ಇದನ್ನು ಅದ್ಭುತವಾಗಿ ಬಳಸಿತು. ಸೀಟಿ ಊದಿ ನಾವು ಸಾಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಅವರು ಹೊರಟಿರುತ್ತಿದ್ದರು. ಮಣ್ಣಿನ ಮೇಲೆ ಚೆಂಡು ಅಷ್ಟು ಬೇಗ ಎಳೆದುಕೊಂಡು ಹೋಗುವವರನ್ನು ನಾವು ಎದುರಿಸಿಯೇ ಇರಲಿಲ್ಲ. ಎರಡೂ ಗೋಲು ಬಂದದ್ದು ಹಾಗೆ. ನಾಲ್ವರ ಸಾಲು ಚೆಂಡು ಆಟದಲ್ಲಿರುವಾಗ ಒಟ್ಟಿಗೆ ಇರುತ್ತಿತ್ತು, ಸೀಟಿ ಕೇಳಿದ ಕೂಡಲೇ ಸಡಿಲವಾಗುತ್ತಿತ್ತು.

ಪಂದ್ಯ ಮುಗಿದ ಮೇಲೆ ಮೇಡಂ ನಮ್ಮನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹಾಸನಕ್ಕೆ ಮರಳುವ ವ್ಯಾನಿನಲ್ಲಿ ನನ್ನ ಪಕ್ಕ ಕೂತು ನೋಟ್‌ಬುಕ್ ತೆರೆದು, ಸೀಟಿ ಊದಿದ ಮೇಲಿನ ಮೊದಲ ಎರಡು ಕ್ಷಣಗಳಲ್ಲಿ ಯಾರು ಏನು ಮಾಡಬೇಕು ಎಂದು ಕೇಳಿದರು. ಹತ್ತಿರದವಳು ಐದು ಮೀಟರ್ ಹಿಂದೆ ಸರಿಯುತ್ತಲೇ ಗೋಲಿನ ದಿಕ್ಕಿನ ದಾರಿ ಮುಚ್ಚಬೇಕು, ಬೆನ್ನು ತಿರುಗಿಸಿ ನಡೆಯಬಾರದು ಎಂದೆ. ಉಳಿದ ಮೂವರು? ನಾವು ಸಕಲೇಶಪುರದ ಹುಡುಗಿಯನ್ನೂ ಸೆಂಟರ್ ಹಾಫ್‌ಅನ್ನೂ ಎಬ್ಬಿಸಿದೆವು. ಹಿಂದಿನ ಸೀಟಿನವರೂ ಸೇರಿಕೊಂಡರು. ಶನಿವಾರಸಂತೆ ದಾಟಿದರೂ ಆ ಮಾತು ಮುಗಿದಿರಲಿಲ್ಲ.

ಈಗ ಹೊಸ ಹುಡುಗಿಯರು ಬಂದಿದ್ದಾರೆ, ಮೇಡಂ ಮತ್ತೆ ಏನೂ ಹೇಳಿಕೊಡದೆ ಗೆರೆಯ ಪಕ್ಕದಲ್ಲಿ ನಡೆಯುತ್ತಿದ್ದಾರೆ. ಕಳೆದ ವರ್ಷದ ಜಾಗ ಯಾರಿಗೂ ಖಾತ್ರಿಯಿಲ್ಲ ಎಂದು ಮೊದಲ ದಿನವೇ ಹೇಳಿದರು, ನನಗೂ ಸೇರಿಸಿ. ಜಾಗ ಬದಲಾದವರಿಗೆ ಕಾರಣವನ್ನು ಬೇರೆ ಕರೆದು ಹೇಳುವ ಕೆಲಸವನ್ನು ಈ ಸಲ ಹಿರಿಯರಾದ ನಮ್ಮಲ್ಲಿ ಇಬ್ಬರನ್ನು ಜೊತೆಗಿಟ್ಟುಕೊಂಡು ಮಾಡುತ್ತೇನೆ ಎಂದಿದ್ದಾರೆ. ನಾವು ಕೇಳಿಕೊಂಡದ್ದಕ್ಕೆ ಒಪ್ಪಿದ್ದು ಅದು. ಹೊಸಬರಲ್ಲಿ ಅರಸೀಕೆರೆಯ ಒಬ್ಬಳಿಗೆ ಓಡುವ ಮೊದಲು ತಲೆ ತಿರುಗಿಸಿ ನೋಡುವ ಅಭ್ಯಾಸವಿದೆ. ಅವಳನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋಗು ಎಂದು ಮೇಡಂ ನಿನ್ನೆ ಹೇಳಿದರು. ಸದ್ಯಕ್ಕೆ ಅವಳ ಕೈ ಕಾಲಿಗಿಂತ ಮೊದಲು ಹೋಗುತ್ತಿದೆ, ಎಡಗಾಲಿನಿಂದ ಶುರು ಮಾಡಿದ್ದೇವೆ.